ಮುಖದ ಕಳೆ

ಹೊಸದಾಗಿ ಮದುವೆಯಾಗಿದ್ದ ಟೈಪಿಸ್ಟ್ ಪೇಡೆ ಡಬ್ಬಿ ಹಿಡಿದು ಪ್ರಯೋಗಾಲಯಕ್ಕೆ ಬಂದಳು.

"ಮೂರು ತಿಂಗಳು, ಮೇಡಂ."

"ನೀನು ಹೇಳ್ಬೇಕಾ? ಮುಖ ನೋಡಿದ್ರೇ ಗೊತ್ತಾಗುತ್ತೆ, ಬಸುರಿ ಕಳೆ." ಪ್ರೊಫೆಸರ್ ಪೇಡೆ ಬಾಯಿಗಿಟ್ಟುಕೊಂಡು, "ಬಾ, ಇದನ್ನ ನೋಡು," ಎಂದು ಸೂಕ್ಷ್ಮದರ್ಶಕದತ್ತ ಕರೆದರು.

ಎರಡು ಗಾಜಿನ ತಟ್ಟೆಗಳಲ್ಲೂ ಕೋಳಿಯ ಭ್ರೂಣದಿಂದ ತೆಗೆದ, ರೆಕ್ಕೆಯಾಗಬೇಕಿದ್ದ ಜೀವಕೋಶಗಳಿದ್ದವು. ಒಂದರಲ್ಲಿ ಅವು ಮುಂದೆ ಮೂಳೆಯಾಗುವ ಮೃದ್ವಸ್ಥಿಯಾಗಿ ಗಂಟುಕಟ್ಟಿದ್ದವು. ಇನ್ನೊಂದರಲ್ಲಿ ಸುಮ್ಮನೆ ಚದುರಿ ಬಿದ್ದಿದ್ದವು.

"ಈ ಚದುರಿರೋದಕ್ಕೇನು ಹಾಕಿದ್ರಿ?"

"ಎ ವಿಟಮಿನ್ ಜಾತಿಯದೇ ಒಂದು ಔಷಧಿ. ಮೊಡವೆಗೆ ಮಾತ್ರೆ ಕೊಡ್ತಾರಲ್ಲ, ಅದೇ. ಒಂಚೂರು ಸೇರಿದ್ರೂ ಕೈಕಾಲಿನ ಮೂಳೆಗೆ ಬುನಾದೀನೇ ಬೀಳಲ್ಲ."

ಅವಳ ಕೈ ತನ್ನ ನುಣುಪಾದ ಕೆನ್ನೆಗೆ ಹೋಯಿತು.

"ಮೇಡಂ, ಈ ಕಳೆ ಬಸುರಿಂದಲ್ಲ. ಆ ಮಾತ್ರೇದು. ಬೆಳಿಗ್ಗೆನೂ ನುಂಗಿದೀನಿ."