ಮಧ್ಯಾಹ್ನದ ಜಪಾನೀ ಹಾಡು

ಹಾಡು ಮತ್ತೆ ಶುರುವಾಯಿತು. ಹಾಲೇಶನ ಕೈಯಲ್ಲಿದ್ದ ರೊಟ್ಟಿ ಬಾಯಿಯ ದಾರಿ ಮರೆತು ನಿಂತಿತು.

ಅವನ ಹೆಂಡತಿ ಗಂಗೋತ್ರಿ ಅಡುಗೆಮನೆಯ ಕಿಟಕಿಯಲ್ಲಿ ಮೊಬೈಲು ಇಟ್ಟಿದ್ದಳು. ಅದರೊಳಗಿಂದ ಯಾರೋ ಜಪಾನಿನ ಗಂಡಸು, ಹಳೇ ಕಾಲದವನು, ಪಿಟೀಲುಗಳ ಹಿಂಡನ್ನೇ ಬೆನ್ನಿಗೆ ಕಟ್ಟಿಕೊಂಡು ಅಳುತ್ತಿದ್ದ. ಎಂಥ ಅಳು! ಕೇಳಿದರೆ ಹಂಪಿಯ ಬಂಡೆಗಳ ಮೂಗೂ ಸೋರಬೇಕು. ಕಡ್ಡಿರಾಂಪುರದ ಬಿಸಿಲೆಂದರೆ ಬಿಸಿಲೇ ನೆರಳು ಹುಡುಕುವಂಥ ಬಿಸಿಲು. ಆ ಬಿಸಿಲಿನಲ್ಲೂ ಬಾಳೆತೋಟದ ಗಿಳಿಗಳು ಕಚ್ಚಾಟ ನಿಲ್ಲಿಸಿ ಕಿವಿಗೊಟ್ಟವು.

ಬೇಸಿಗೆಯಲ್ಲಿ ಪ್ರವಾಸಿಗರಿಲ್ಲ. ಅವರ ಹೋಮ್‌ಸ್ಟೇಯ ಕೋಣೆಗಳೆಲ್ಲ ಖಾಲಿ. ಬೇಸರಕ್ಕೆ ಹಾಡು ಕೇಳುತ್ತಾಳೆ ಎಂದುಕೊಳ್ಳಬಹುದಿತ್ತು. ಆದರೆ ಕನ್ನಡದ ಹಾಡುಗಳೆಲ್ಲ ತೀರಿಹೋದವೇ? ಅದೂ ಅಲ್ಲದೆ, ಹಾಡು ಹಚ್ಚಿದ ಮೇಲೆ ಅವಳ ಕಣ್ಣು ಮೊಬೈಲಿನ ಮೇಲಿರುತ್ತಿರಲಿಲ್ಲ, ಹಾಲೇಶನ ಮುಖದ ಮೇಲಿರುತ್ತಿತ್ತು. ಸಿಕ್ಕಿಬಿದ್ದೆನೋ ಇಲ್ಲವೋ ಎಂದು ಅಳೆಯುವ ಕಳ್ಳನೋಟ ಅದು ಎಂದು ಹಾಲೇಶ ಲೆಕ್ಕ ಹಾಕಿದ.

“ಈ ಹಾಡು ಎಲ್ಯಾರ ಕೇಳೀರೇನು?” ಅಂದಳು.

“ಇಲ್ಲಬೇ. ಇದ ಮೊದಲು.”

“ಕಾಲು ತಾಳ ಹಾಕಾಕತ್ತೈತಲ್ಲ?”

“ಕಾಲಿಗೇನ್ ಗೊತ್ತು? ಅದು ಭಜನಿಗೂ ಹಾಕ್ತೈತಿ, ಬೋರ್‌ವೆಲ್ ಸದ್ದಿಗೂ ಹಾಕ್ತೈತಿ.”

“ಹಂಗಾರ ಅರ್ಥ ಹೇಳ್ರಿ. ಜಪಾನೀ ಅಂದ್ರ ನಿಮಗ ನೀರು ಕುಡದಂಗ.”

ಅದು ಸುಳ್ಳಲ್ಲ. ತುಂಗಭದ್ರೆಯ ಈ ದಂಡೆಯಲ್ಲಿ ಹಾಲೇಶನಷ್ಟು ಜಪಾನೀ ಮಾತಾಡುವ ಗೈಡ್ ಇರಲಿಲ್ಲ. ಆ ದಂಡೆಯಲ್ಲೂ ಇರಲಿಲ್ಲ. ಜಪಾನಿನಲ್ಲಾದರೂ ಇದ್ದಾನೋ ಇಲ್ಲವೋ! ಓದಲು ಒಂದಕ್ಷರ ಬಾರದು, ಮಾತು ಮಾತ್ರ ಮಳೆಗಾಲದ ಹೊಳೆ. ಯಾರು ಕಲಿಸಿದರೆಂದು ಕೇಳಿದರೆ, ವಿರೂಪಾಕ್ಷ ಸ್ವಾಮಿಯೇ ಕನಸಿನಲ್ಲಿ ಬಂದು ಕಲಿಸಿದ ಎನ್ನುತ್ತಿದ್ದ.

ಹಾಡಿನಲ್ಲಿ ಕಡಲ ಪಕ್ಕದ ಸಣ್ಣ ಸ್ಟೇಷನ್ನಿನಲ್ಲಿ ಒಬ್ಬಳು ಕಾಯುತ್ತಿದ್ದಳು. ಬೇಸಿಗೆಗೆ ಬರುತ್ತೇನೆಂದವನು ಬರಲಿಲ್ಲ, ಬೇಸಿಗೆಯೇ ರೈಲು ಹತ್ತಿ ಹೊರಟಿತು ಎಂದು ಕೊರಗುತ್ತಿದ್ದಳು.

“ಮೀನಿನ ಹಾಡು,” ಅಂದ ಹಾಲೇಶ. “ಬಲಿ ಬೀಸಿದ್ರೂ ಮೀನ ಸಿಗಲಿಲ್ಲಂತ.”

“ಒಂದು ಮೀನಿಗೆ ಇಷ್ಟು ಅಳ್ತಾರೇನ್ರಿ, ಪಾಪ?”

ಗಂಗೋತ್ರಿ ಸೆರಗಿನಿಂದ ಕಣ್ಣೊರೆಸಿಕೊಂಡು ಹಿತ್ತಿಲಿಗೆ ಹೋದಳು. ಮೊಬೈಲು ಕಿಟಕಿಯಲ್ಲೇ ಉಳಿಯಿತು.

ಹಾಲೇಶ ಹಾರಿ ಹಿಡಿದ. ಹಾಡುಗಳೆಲ್ಲ ಒಂದೇ ನಂಬರಿನಿಂದ ಬಂದಿದ್ದವು. ಜಪಾನಿನ ನಂಬರು. ಹೆಸರು ಜಪಾನೀ ಅಕ್ಷರಗಳಲ್ಲಿತ್ತು, ಓದಲಾಗಲಿಲ್ಲ. ಓದುವುದೇನಿದೆ? ಸಂಕ್ರಾಂತಿಗೆ ಬಂದು ವಾರಗಟ್ಟಲೆ ಬೇರುಬಿಟ್ಟಿದ್ದ ಪ್ರವಾಸಿ ತಕಾಶಿ! ಗಂಗೋತ್ರಿಯ ಜೋಳದ ರೊಟ್ಟಿಗೆ ನಡು ಮುರಿಯುವಷ್ಟು ಬಗ್ಗಿ ನಮಸ್ಕರಿಸಿದವನು! ಅವಳಿಗೆ ಜಪಾನೀ ಬಾರದು, ಅವನಿಗೆ ಕನ್ನಡ ಬಾರದು. ಆದರೇನು, ಈಗಿನ ಮೊಬೈಲು ಯಾವ ಮಾತನ್ನಾದರೂ ಯಾವ ಭಾಷೆಗಾದರೂ ತಿರುಗಿಸಿಕೊಡುತ್ತದಲ್ಲ. ಕೂತಲ್ಲಿಯೇ ಏನೇನು ಹೇಳಿಕೊಂಡಿದ್ದಾರೋ!

ಹಾಲೇಶನ ಎದೆಯಲ್ಲಿ ಟಿ.ಬಿ. ಡ್ಯಾಮಿನ ಗೇಟುಗಳೆಲ್ಲ ಒಮ್ಮೆಗೇ ಎದ್ದವು. ನಂಬಿದವಳು! ಮನೆಯ ಕೀಲಿ, ಕೋಣೆಗಳ ಕೀಲಿ, ಎಲ್ಲವನ್ನೂ ಇವಳ ಸೊಂಟಕ್ಕೆ ಸಿಕ್ಕಿಸಿ ಊರು ತಿರುಗಿದವನು ತಾನು. ಬೆನ್ನ ಹಿಂದೆ ಇಷ್ಟು ದೊಡ್ಡ ಮೋಸ!

ಮರುದಿನ ಬೆಳಿಗ್ಗೆ ಮೇಲಿನ ಕೋಣೆಗೆ ಹೊಸ ಹಾಸಿಗೆ ಬಂತು. ಒಲೆಯ ಮೇಲೆ ಹೋಳಿಗೆಯ ಹೂರಣ ಬೇಯುತ್ತಿತ್ತು. ಗಂಗೋತ್ರಿ ಫೋನಿನಲ್ಲಿ ಆಟೋದವನಿಗೆ ಹೇಳುತ್ತಿದ್ದಳು: “ಹೊಸಪೇಟಿ ಸ್ಟೇಷನ್ನಿಗೆ ಜಲ್ದಿ ಹೋಗಪ್ಪ. ಭಾಳ ದೂರದಿಂದ ಬರಾಕತ್ತಾರ, ಜ್ವಾಪಾನ.”

“ಯಾರ್ ಬರಾಕತ್ತಾರಬೇ?” ಹಾಲೇಶ ಗುಡುಗಿದ.

“ಹಾಡು ಕಳಿಸ್ದೋರು.”

ಮುಚ್ಚುಮರೆಯೂ ಇಲ್ಲ!

“ಹಿರೇರನ್ನ ಕರಸ್ತೀನಿ. ಊರ ಮುಂದ ತೀರ್ಮಾನ ಆಗ್ಲಿ.”

“ಕರಸ್ರಿ,” ಅಂದಳು ಗಂಗೋತ್ರಿ. “ಒಬ್ರನ್ನೂ ಬಿಡಬ್ಯಾಡ್ರಿ.”

ಹಾಲೇಶ ಬಿಟ್ಟಾನೆಯೇ? ಮಧ್ಯಾಹ್ನದ ಹೊತ್ತಿಗೆ ಅಂಗಳದ ಬೇವಿನ ಕೆಳಗೆ ಅರ್ಧ ಜಿಲ್ಲೆ ನೆರೆದಿತ್ತು. ನಡುವೆ ಊರ ಹಿರಿಯ ನಾಗೇಂದ್ರಪ್ಪ. ಪಕ್ಕದಲ್ಲಿ ಹಾಲೇಶನ ಸೋದರತ್ತೆ ತಿಪ್ಪಕ್ಕ, ನಾಲಿಗೆ ಮಸೆದುಕೊಂಡೇ ಬಂದವಳು.

“ಚಿನ್ನದಂಥ ಗಂಡ ಇರಬೇಕಾರ ಜಪಾನ್ ಯಾಕ ಬೇಕಾತಬೇ ನಿನಗ? ಇಲ್ಲೇ ಕಂಪ್ಲ್ಯಾಗ ಯಾರೂ ಸಿಗಲಿಲ್ಲೇನು?”

“ಸುಮ್ಕ ಕುಂದ್ರು ತಿಪ್ಪಕ್ಕ,” ಅಂದ ನಾಗೇಂದ್ರಪ್ಪ. ನ್ಯಾಯ ಕೂರುವ ಮೊದಲೇ ಎರಡೂ ಕಡೆಯವರಿಂದ ಮಾತು ತೆಗೆದುಕೊಳ್ಳುವುದು ಅವನ ಪದ್ಧತಿ. ಆಮೇಲೆ ಯಾರೂ ನಾಲಿಗೆ ಹೊರಳಿಸುವಂತಿಲ್ಲ. “ಮೋಸ ಮಾಡಿದ್ದು ಯಾರೇ ಇರ್ಲಿ, ಇವತ್ತ ಈ ಮನಿ ಬಿಡಬೇಕು. ಉಳಿದೋರಿಗೆ ಮನಿ. ಒಪ್ಪಿಗೆಯೇನು?”

“ಒಪ್ಪಿಗಿ!” ಹಾಲೇಶನ ಕೂಗಿಗೆ ಬೇವಿನ ಕಾಯಿ ಉದುರಿದವು. “ಉಟ್ಟ ಬಟ್ಟಿಮ್ಯಾಲೆ ಹೋಗಬೇಕು!”

“ಒಪ್ಪಿಗಿ,” ಅಂದಳು ಗಂಗೋತ್ರಿ, ಮೆಲ್ಲಗೆ.

ರಸ್ತೆಯ ಧೂಳಿನಲ್ಲಿ ಆಟೋ ಕಾಣಿಸಿತು. ಹಾಲೇಶ ಪಂಚೆ ಎತ್ತಿ ಕಟ್ಟಿದ. ಜಪಾನೀ ಭಾಷೆಯಲ್ಲಿರುವ ಬೈಗುಳವನ್ನೆಲ್ಲ ಬಾಯಲ್ಲಿ ಸಾಲಾಗಿ ನಿಲ್ಲಿಸಿಕೊಂಡು ಮುಂದೆ ನುಗ್ಗಿದ.

ಆಟೋದಿಂದ ಒಬ್ಬ ಜಪಾನೀ ಹೆಂಗಸು ಇಳಿದಳು. ಹಾಲೇಶನನ್ನು ಕಂಡದ್ದೇ ಹೆಸರು ಹಿಡಿದು ಕರೆದಳು. ಹಾಲೇಶ ಎತ್ತಿ ಕಟ್ಟಿದ್ದ ಪಂಚೆಯನ್ನು ಸರಕ್ಕನೆ ಇಳಿಸಿ, ನುಗ್ಗಿದ ದಾರಿಯಲ್ಲೇ ಹಿಂದೆ ಸರಿದ. ಗಂಗೋತ್ರಿ ಕಾಲಿಗೆ ನೀರು ಕೊಟ್ಟು, ಬಗ್ಗಿ ಅವಳ ಪಾದ ಮುಟ್ಟಿದಳು.

“ಬರ್ರಿ ಅಕ್ಕಾ, ಇವರ ಕೈಲಿ ಮೊದಲು ತಾಳಿ ಕಟ್ಟಿಸ್ಕಂಡೋರು ನೀವು, ಹಿರೇರ ಮುಂದ ಮೊದಲು ನೀವ ಕುಂದ್ರಿ.”