ಐತವಾರದ ಟರ್ರ್

"ಬಂದ್ ಮಾಡ ಅಂದ್ರ ಬಂದ್ ಮಾಡವಾ! ರೇಡಿಯೋದ ಬಾಯಿ ಹೊಲ್ಯಾಕತ್ತೈತಿ ನಿನ್ನ ಮಶೀನ!"

ಸುವರ್ಣಾ ಹೊಲಿಗೆ ಮಶೀನಿನ ಮೋಟರ್ ಆರಿಸಿದಳು. ಸಂಜೆಯೊಳಗೆ ಆರು ಜಂಪರ್ ಹೋಟಗಿಯ ಮದುವೆ ಮನೆಗೆ ಮುಟ್ಟಬೇಕು. ಅತ್ತೆಗೆ ಅದೆಲ್ಲ ಎಲ್ಲಿ ತಿಳಿಯಬೇಕು?

ಅಕ್ಕಲಕೋಟೆ ಸೀಮೆಯ ಆ ಮನೆಯಲ್ಲಿ ಐತವಾರ ಬಂತೆಂದರೆ ಇದೇ ಗೋಳು. ಹನ್ನೊಂದಕ್ಕೆ ಗಡಿಯಾಚೆಯ ಕನ್ನಡ ರೇಡಿಯೋದವರು, ಕೇಳುಗರು ಫೋನು ಮಾಡಿ ಬೇಡಿದ ಹಾಡು ಹಾಕುತ್ತಾರೆ. ಅತ್ತೆ ಲಕ್ಷ್ಮೀಬಾಯಿಗೆ ತವರಿನ ಬೀಸುವ ಪದ ಒಂದು ಸಲವಾದರೂ ಕೇಳಬೇಕು. ಕಿಟಕಿಯಲ್ಲಿ ಸೆಲ್ಲಿನ ರೇಡಿಯೋ ಇಟ್ಟು ಕಿವಿ ಹಚ್ಚಿ ಕೂತರೆ ಟರ್ರ್, ಟರ್ರ್! ಏಳು ವಾರದಿಂದ ಹೀಗೆ.

ಮೊದಲು ಟಿವಿ ಬಂದ್ ಮಾಡಿದರು. ಆಮೇಲೆ ಮಿಕ್ಸರ್, ಸುವರ್ಣಾ ಶೇಂಗಾ ಚಟ್ನಿ ಒರಳಲ್ಲಿ ಕುಟ್ಟಿದಳು. ಸೋಲಾಪುರದಿಂದ ತಂದ ಅಗ್ಗದ ಎಲ್‌ಇಡಿ ಬಲ್ಬು ತೆಗೆದರು. ಮಾವನ ಡಬ್ಬಾ ಮೊಬೈಲಿನ ಚಾರ್ಜರ್ ಕಿತ್ತರು. ಮೊಬೈಲು ಅವನ ಜೇಬು ಸೇರಿತು. ಇನ್ನು ಉಳಿದದ್ದು ಈ ಮೋಟರ್.

ಮಾವ ಬಂಡೆಪ್ಪನೋ, ಅಡ್ಡಗೋಡೆಯ ಮೇಲೆ ದೀಪ ಇಡುವ ಮನುಷ್ಯ. ಹನ್ನೊಂದಾದರೆ ಸಾಕು, "ನಿಮ್ಮ ಜಗಳ ನೀವ ಮಾಡ್ಕೋರಿ" ಎಂದು ಹೊರಗೆ ಹೋಗಿ ಕಿಟಕಿ ಕೆಳಗಿನ ಕಟ್ಟೆಯ ಮೇಲೆ ಟವೆಲು ಹೊದ್ದು ಕೂಡುವನು. ಅರ್ಧ ತಾಸಿನ ಮೇಲೆ ಮುಖ ಸಣ್ಣ ಮಾಡಿಕೊಂಡು ಬಂದು "ಇವತ್ತೂ ಆಗಲಿಲ್ಲ" ಎನ್ನುವನು. ಸೊಸೆಯ ಪರ ಒಂದು ಮಾತಿಲ್ಲ, ಹೆಂಡತಿಯ ಪರವೂ ಇಲ್ಲ.

ಮೋಟರ್ ನಿಂತಿತು. ರೇಡಿಯೋ ಟರ್ರ್ ಎಂದಿತು.

"ಈಗ ಯಾರ ಮ್ಯಾಲ ಹಾಕ್ತೀರಿ ಅತ್ತಿ?"

"ನೀ ಮತ್ತೇನರ ಹಚ್ಚಿರ್ತಿ."

ಸುವರ್ಣಾಳ ತಲೆ ಕೆಟ್ಟಿತು. ಹೋಗಿ ಮೇನ್ ಸ್ವಿಚ್ಚನ್ನೇ ಎಳೆದಳು. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು. ಟರ್ರ್!

"ಈ ದರಿದ್ರ ರೇಡಿಯೋನ ಕೆಟ್ಟೈತ್ರಿ! ಗುಜರಿಗೆ ಹಾಕ್ತೀನಿ ಇದನ್ನ!"

ಕಿಟಕಿಯಿಂದ ರೇಡಿಯೋ ಎತ್ತಿಕೊಂಡು ದಡದಡ ಅಡುಗೆಮನೆ ಕಡೆ ನಡೆದಳು. "ಅಯ್ಯ, ಇಡ ಅದನ್ನ!" ಎಂದು ಲಕ್ಷ್ಮೀಬಾಯಿ ಬೆನ್ನು ಹತ್ತಿದಳು. ಕಿಟಕಿಯಿಂದ ನಾಲ್ಕು ಹೆಜ್ಜೆ ದೂರ ಹೋಗಿರಲಿಲ್ಲ, ಟರ್ರ್ ತಾನಾಗಿ ನಿಂತುಹೋಯಿತು.

ಇಬ್ಬರೂ ನಿಂತರು. ರೇಡಿಯೋದ ಹುಡುಗಿ ಸ್ಪಷ್ಟವಾಗಿ ಕೇಳುತ್ತಿದ್ದಳು: "ಯಾರಿಗಾಗಿ ಈ ಹಾಡು, ಯಜಮಾನ್ರೇ?"

"ನಮ್ಮ ಮನಿಯಾಕಿ ಲಕ್ಷ್ಮೀಬಾಯಿ ಸಲುವಾಗ್ರಿ," ಎಂದಿತು ರೇಡಿಯೋದೊಳಗಿಂದ ಬಂಡೆಪ್ಪನ ದನಿ, "ಆಕಿಗೆ ಗೊತ್ತಾಗದಂಗ ಏಳು ವಾರದಿಂದ ಕಿಟಕಿ ಕೆಳಗ ಕುಂತು ಮೊಬೈಲ್ ಒತ್ತಾಕತ್ತೀನಿ, ಇವತ್ತ ಸಿಕ್ತು ನೋಡ್ರಿ ಲೈನ್!"