ಬಡಾಯಿ ಅಡವಿಟ್ಟು ಓದಿಸಿದ್ದು

ಮೂರು ಜಿಲ್ಲೆಯಲ್ಲಿ ನನ್ನಷ್ಟು ಬಡಾಯಿ ಇದ್ದವನು ಇನ್ನೊಬ್ಬನಿಲ್ಲ. ಇದನ್ನು ನಾನಲ್ಲ, ವಿಶ್ವವಿದ್ಯಾಲಯದ ತಕ್ಕಡಿಯೇ ಹೇಳಿದೆ.

ಅಕ್ಕನ ಮಗಳು ಕಸ್ತೂರಿಗೆ ಎಂಎಸ್ಸಿ ಸೀಟು ಸಿಕ್ಕಾಗ ಇಬ್ಬರೂ ವಿಶ್ವವಿದ್ಯಾಲಯದ ಧನಸಹಾಯದ ಕಿಟಕಿಗೆ ಹೋದೆವು. ವಿದ್ಯಾರ್ಥಿವೇತನಕ್ಕೆ ಅವಳಿಗೆ ಎರಡು ಅಂಕ ಕಡಿಮೆ. ಶುಲ್ಕ ಮಾಫಿಯ ಗಡುವು ಮುಗಿದಿತ್ತು. ಉಳಿದದ್ದು ಸಾಲ. ಅದಕ್ಕೆ ಎಲ್ಲರಂತೆ ಮನೆಯವರ ಗುಣವೊಂದನ್ನು ಅಡವಿಡಬೇಕು. ನಮ್ಮ ಮುಂದಿದ್ದವಳು ಅಜ್ಜಿಯ ಹಟ ಬರೆಸಿ ಹೋದಳು.

"ನಿಮ್ಮದೇನ್ರೀ?" ಎಂದರು ಗುಮಾಸ್ತೆ ಹಿರೇಮಠ ಮೇಡಂ.

"ನನ್ನ ಬಡಾಯಿ. ತೂಗ್ರಿ."

ನಾನು ಹುಲಿಗೆ ಹಲ್ಲುಜ್ಜಿಸಿದ ಕತೆ ಅರ್ಧ ಹೇಳುವುದರೊಳಗೆ ತಕ್ಕಡಿ ನೆಲ ಮುಟ್ಟಿತು, ಮಾಡಿನ ಹೆಂಚು ಹಾರಿದವು, ಕುಲಪತಿಗಳು ಬರಿಗಾಲಲ್ಲಿ ಓಡಿಬಂದರು.

"ಮಾಮಾ, ಆಮ್ಯಾಲೆ ನೀ ಹೆಂಗ ಬದುಕ್ತಿ?" ಕಸ್ತೂರಿ ನನ್ನ ತೋಳು ಹಿಡಿದಳು.

"ಹುಚ್ಚಿ, ನನ್ನ ಹತ್ರ ಇರೋದು ಸಮುದ್ರ!" ಎಂದು ರುಜು ಹಾಕಿದೆ.

ಫಲಿತಾಂಶದ ದಿನ ಸಂಜೆ ಐದಕ್ಕೆ ಅಡವಿಟ್ಟ ಗುಣದ ವಸೂಲಿ ಎಂಬುದು ನಿಯಮ. ಆ ದಿನ ಇವತ್ತು. ಬೆಳಿಗ್ಗೆಯಿಂದ ಚಹಾದಂಗಡಿಯಲ್ಲಿ ಕೂತು ಇದ್ದಬದ್ದ ಬಡಾಯಿಯನ್ನೆಲ್ಲ ಖರ್ಚು ಮಾಡುತ್ತಿದ್ದೇನೆ. ಕಸ್ತೂರಿ ಎಂದರೆ ಏನಂದುಕೊಂಡಿರಿ? ಅವಳ ಉತ್ತರಪತ್ರಿಕೆ ಓದಿದ ಪ್ರೊಫೆಸರು ಗೌರವದಿಂದ ಎದ್ದು ನಿಂತವರು ಮೂರು ದಿನ ಕೂರಲೇ ಇಲ್ಲ. ಅವಳು ಹಾದುಹೋದರೆ ಗ್ರಂಥಾಲಯದ ಪುಸ್ತಕಗಳು ತಾವಾಗಿಯೇ…

ಐದು ಗಂಟೆ ಆಯಿತು.

ಕಸ್ತೂರಿ ಎರಡನೇ ದರ್ಜೆಯಲ್ಲಿ ಪಾಸಾಗಿದ್ದಾಳೆ. ಈಗ ಬಂದು ನನ್ನ ಪಕ್ಕ ಕೂತಿದ್ದಾಳೆ. ನನಗೆ ಸಂತೋಷವಾಗಿದೆ.

"ಮಾಮಾ, ಹುಲಿ ಕತಿ ಹೇಳು," ಎಂದಳು.

"ನಾನು ಹುಲಿ ನೋಡಿಲ್ಲ."

ಅವಳು ಅಂಗಡಿಯಲ್ಲಿದ್ದವರ ಕಡೆ ತಿರುಗಿ, "ಒಂದಲ್ರೀ, ಹದಿನಾಲ್ಕು ಹುಲಿ," ಎಂದು ಶುರು ಮಾಡಿದಳು.